ಒಲೆಯಿಲ್ಲದೆ ಬೆಂದ ಸಣ್ಣಕ್ಕಿ

ಅಟ್ಟದಲ್ಲಿದ್ದ ಬಾಳೆಗೊನೆಯ ಹಣ್ಣುಗಳನ್ನೂ ಡಬ್ಬದಲ್ಲಿದ್ದ ಸಣ್ಣಕ್ಕಿಯನ್ನೂ ಕದ್ದಳೆಂದು ಹೇಳಿ ಬದರಿನಾಥನ ಮನೆಯವರು ಸೊಣ್ಣಮ್ಮನನ್ನು ಕೆಲಸದಿಂದ ತೆಗೆದರು. ಅದು ೧೯೬೧ರ ಜೂನ್ ತಿಂಗಳ ಒಂದು ಸೋಮವಾರ ಬೆಳಿಗ್ಗೆ. ಸಂಜೆಯೊಳಗೆ ಜಯನಗರದ ಆ ಅಡ್ಡರಸ್ತೆಯ ಇನ್ನೂ ನಾಲ್ಕು ಮನೆಯವರು ತೆಗೆದರು. ನಾಲ್ಕನೆಯದು ಗುಂಡಣ್ಣನ ಮನೆ.

ಗುಂಡಣ್ಣ ಮೂವತ್ತೆರಡು ವರ್ಷ ರೈಲ್ವೆ ಗಾರ್ಡ್ ಆಗಿದ್ದು ನಿವೃತ್ತನಾದವನು. ಕೆಂಪು ಬಾವುಟ ಬೀಸಿ ಇಡೀ ರೈಲನ್ನು ನಿಲ್ಲಿಸುತ್ತಿದ್ದ ಮನುಷ್ಯ, ತನ್ನ ಹಿತ್ತಿಲಲ್ಲಿ ಹೆಂಡತಿ ವಾರಿಜಾ "ನಾಳೆಯಿಂದ ಬರೋದು ಬೇಡ ಸೊಣ್ಣಮ್ಮ" ಎಂದಾಗ ಪತ್ರಿಕೆಯಿಂದ ತಲೆ ಎತ್ತಲಿಲ್ಲ. ಅವಳು ಹೋದ ಮೇಲೂ ಅದೇ ಪುಟವನ್ನು ಅರ್ಧ ಗಂಟೆ ಓದಿದ.

ಗುರುವಾರ ಬೆಳಿಗ್ಗೆ ಅವನು ವಾಕಿಂಗ್ ಮುಗಿಸಿ ಎಂದಿನಂತೆ ಕಮಲಾದೇವಿಯವರ ಜಗಲಿಯಲ್ಲಿ ಕೂತು ಕಾಫಿ ಕುಡಿಯುತ್ತಿದ್ದಾಗ ಗೇಟಿನ ಹತ್ತಿರ ಸೊಣ್ಣಮ್ಮ ಬಂದು ನಿಂತಳು. ಲೋಟ ಕೆಳಗಿಡಬೇಕೋ ಕುಡಿದು ಮುಗಿಸಬೇಕೋ ಗುಂಡಣ್ಣನಿಗೆ ತೋಚಲಿಲ್ಲ.

ಕಮಲಾದೇವಿ ಹೆರಿಗೆ ಆಸ್ಪತ್ರೆಯಲ್ಲಿ ನರ್ಸಾಗಿ ಸಾವಿರಾರು ಕೂಸುಗಳನ್ನು ಕೈಗೆ ತೆಗೆದುಕೊಂಡವರು. ಬಡಾವಣೆಗೆಲ್ಲ ಅವರು ಸಿಸ್ಟರಮ್ಮ. ನಿವೃತ್ತರಾದ ಮೇಲೆ ಒಂದು ಮನೆಯ ಕಳೆದ ಉಂಗುರ, ಇನ್ನೊಂದು ಮನೆಯ ಸಹಿಯಿಲ್ಲದ ಕಾಗದ, ಹೀಗೆ ಒಂದೊಂದಾಗಿ ಒಗಟು ಬಿಡಿಸಿಕೊಟ್ಟಿದ್ದರಿಂದ, ಪೊಲೀಸ್ ಠಾಣೆಗೆ ಹೋಗುವ ಮೊದಲು ಜನ ಅವರ ಜಗಲಿ ಹತ್ತುವುದು ವಾಡಿಕೆಯಾಗಿತ್ತು. ಗುಂಡಣ್ಣ ಅವರ ಜೊತೆಗಾರ. ಏಣಿ ಹತ್ತುವುದು, ಟಾರ್ಚ್ ಹಿಡಿಯುವುದು, ತಪ್ಪು ಊಹೆ ಮಾಡುವುದು ಅವನ ಪಾಲಿನ ಕೆಲಸ.

"ಒಳಗೆ ಬಾ, ಕೂತ್ಕೋ," ಎಂದರು ಕಮಲಾದೇವಿ.

ಸೊಣ್ಣಮ್ಮ ಮೆಟ್ಟಿಲ ಮೇಲೆ ಕೂತಳು. ಗುಂಡಣ್ಣನ ಕಡೆ ನೋಡಲಿಲ್ಲ. ನೋಡಿದ್ದರೆ ಅವನಿಗೆ ಸ್ವಲ್ಪ ಹಗುರವಾಗುತ್ತಿತ್ತು.

"ಸಿಸ್ಟರಮ್ಮ, ನಾನು ಕದ್ದಿಲ್ಲ ಅಂತ ಹೇಳಾಕೆ ಬಂದಿಲ್ಲ. ಅದು ನಿಮಗೇ ಗೊತ್ತು. ಕದ್ದೋರು ಯಾರು ಅಂತ ಹುಡುಕಿ ಕೊಡಿ. ಅದಕ್ಕೆ ಬಂದೆ."

"ಮಂಗಮ್ಮ ಹೇಗಿದಾಳೆ? ಮಗು ಹಾಲು ಕುಡೀತಿದೆಯಾ?"

ಅಲ್ಲಿಯವರೆಗೂ ಗಟ್ಟಿಯಾಗಿದ್ದ ಸೊಣ್ಣಮ್ಮನ ಮುಖ ಆ ಮಾತಿಗೆ ಸಡಿಲವಾಯಿತು. ಮಗಳು ಮಂಗಮ್ಮ ಚೊಚ್ಚಲ ಬಾಣಂತಿ. ಬೈರಸಂದ್ರದ ತಾಯಿಮನೆಯಲ್ಲಿದ್ದಳು. ಮೂರನೇ ತಿಂಗಳಿಗೆ ಗೊಟ್ಟಿಗೆರೆಯ ಗಂಡನ ಮನೆಯವರು ಬಂದು ತಾಯಿ ಮಗು ಇಬ್ಬರನ್ನೂ ಕರೆದುಕೊಂಡು ಹೋಗುವ ಮಾತಾಗಿತ್ತು. ಮಂಗಳವಾರ ಬೀಗ ಬೋರಣ್ಣ ಸಂತೆಗೆ ಬಂದವನ ಕೈಲಿ ಹೇಳಿ ಕಳಿಸಿದ್ದ: ಕಳ್ಳತನದ ಮಾತು ತೀರ್ಮಾನ ಆಗೋ ತನಕ ಸೊಸೆ ಅಲ್ಲೇ ಇರಲಿ.

"ತೀರ್ಮಾನ ಮಾಡೋರು ಯಾರು ಸಿಸ್ಟರಮ್ಮ? ಪೊಲೀಸಿಗೆ ಕೊಟ್ಟಿದ್ರೆ ಅವರಾದ್ರೂ ಕೇಳ್ತಿದ್ರು. ಪಾಪ ಅಂತ ಬಿಟ್ವಿ ಅಂತಾರಂತೆ ಬದರಿನಾಥಯ್ಯನೋರು. ಪಾಪ ಅಂತ ಬಿಟ್ಟು ಬೀದಿಗೆಲ್ಲ ಹೇಳವ್ರೆ."

ಕಮಲಾದೇವಿ ಒಳಗೆ ಹೋಗಿ ಇನ್ನೊಂದು ಲೋಟ ಕಾಫಿ ತಂದು ಅವಳ ಕೈಗೇ ಕೊಟ್ಟರು. ಆಮೇಲೆ ಗುಂಡಣ್ಣನ ಕಡೆ ತಿರುಗಿದರು.

"ನಿಮ್ಮನೇಲೂ ಬಿಡಿಸಿದ್ರಂತೆ."

"ಅದು ವಾರಿಜಾ..."

"ಏಣಿ ಹತ್ತೋಕೆ ಬರ್ತೀರೋ, ಅದಕ್ಕೂ ವಾರಿಜಾನ ಕೇಳಬೇಕೋ?"

ಗುಂಡಣ್ಣ ಟಾರ್ಚ್ ತರಲು ಮನೆಗೆ ಓಡಿದ.

ಬದರಿನಾಥ ಸರ್ಕಾರಿ ಕಚೇರಿಯೊಂದರಲ್ಲಿ ದೊಡ್ಡ ಗುಮಾಸ್ತ. ಅವನು ಕೆಲಸಕ್ಕೆ ಹೋಗಿದ್ದ. ಹೆಂಡತಿ ವಿಮಲಾ ಬಾಗಿಲು ತೆಗೆದಳು. ಮಂಗಳೂರು ಹೆಂಚಿನ ಮನೆ. ಹಿಂಭಾಗದಲ್ಲಿ ಅಡುಗೆಮನೆ, ಅಡುಗೆಮನೆಯಿಂದ ಮಾತ್ರ ಬಾಗಿಲಿರುವ ಉಗ್ರಾಣ, ಪಕ್ಕದಲ್ಲಿ ಬದರಿನಾಥನ ತಾಯಿ ಕಾತ್ಯಾಯಿನಿಯ ಕೋಣೆ. ಈ ಮೂರರ ನೆತ್ತಿಯ ಮೇಲೂ ಹಾಯುವ ಹಲಗೆಯ ಅಟ್ಟಕ್ಕೆ ಉಗ್ರಾಣದ ಸೂರಿನಲ್ಲೊಂದು ಚೌಕದ ಕಿಂಡಿ.

"ಮಡಿ ಅಡುಗೆಮನೆ ಸಿಸ್ಟರ್," ಎಂದಳು ವಿಮಲಾ. "ಹನ್ನೊಂದು ವರ್ಷದಿಂದ ಅವಳನ್ನ ಹಿತ್ತಿಲ ಕಲ್ಲು ದಾಟಿಸಿಲ್ಲ ನಾವು. ಪಾತ್ರೆ ಆಚೆ ಇಡ್ತೀನಿ, ತೊಳೆದು ಅಲ್ಲೇ ಬೋರಲು ಹಾಕ್ತಾಳೆ, ನಾನು ನೀರು ಚಿಮುಕಿಸಿ ಒಳಗೆ ತಗೋತೀನಿ. ನಾನು ಸ್ನಾನಕ್ಕೆ ಹೋದಾಗ ನುಗ್ಗಿದಾಳೆ. ಹಣ್ಣು ಹೋದ್ರೆ ಹೋಗಲಿ, ಮಡಿ ಕೆಡ್ತಲ್ಲ."

"ಹಣ್ಣು ಸರಿ. ಅಕ್ಕಿ ಕದ್ದಳು ಅಂತ ಹೇಗೆ ಗೊತ್ತಾಯ್ತು?"

"ವಾಸನೆ. ಸಣ್ಣಕ್ಕಿ ಬೇಯೋ ಘಮ ಮನೆ ತುಂಬ ಬರ್ತಿತ್ತು. ನನ್ನ ಒಲೆ ಮೇಲೆ ಅನ್ನ ಇರ್ತಿರಲಿಲ್ಲ. ಬಚ್ಚಲ ಹಂಡೆ ಒಲೆ ಹಚ್ಚೋಳು ಅವಳು ತಾನೆ. ಅದರ ಮೇಲೇ ಬೇಯಿಸ್ಕೊಂಡಿದಾಳೆ."

ನಿಜವಾದ ಕಳ್ಳರು ಇಷ್ಟು ಚೆನ್ನಾಗಿ ಸಿಕ್ಕಿಬೀಳುವುದಿಲ್ಲ ಎನಿಸಿತು ಗುಂಡಣ್ಣನಿಗೆ.

"ಡಬ್ಬ ತೆರೆದು ನೋಡಿದ್ರಾ?"

"ಯಾಕೆ ನೋಡೋದು? ಮೂಗಿಗೇ ಬಡೀತಲ್ಲ."

ಕಮಲಾದೇವಿ ಡಬ್ಬ ತೆಗೆಸಿದರು. ಹುಳ ಹಿಡಿಯದಿರಲೆಂದು ಯುಗಾದಿಯ ಹೊತ್ತಿಗೆ ಅಕ್ಕಿಯ ಮೇಲೆ ಹಾಸಿದ ಬೇವಿನೆಲೆ ಒಣಗಿ ಹಪ್ಪಳವಾಗಿತ್ತು. ಕಮಲಾದೇವಿ ಒಂದು ಬೆರಳು ಸೋಕಿಸಿದ್ದಕ್ಕೇ ಪುಡಿಯಾಯಿತು. ಉಳಿದ ಎಲೆಗಳು ಒಂದಕ್ಕೊಂದು ಹೆಣೆದುಕೊಂಡು ಚಾಪೆಯ ಹಾಗೆ ಕೂತಿದ್ದವು.

"ತೆಗೆದು ಮತ್ತೆ ಹಾಸಿರಬೇಕು," ಎಂದಳು ವಿಮಲಾ.

"ಇರಬಹುದು. ಆ ಘಮ ಬರ್ತಿದ್ದದ್ದು ಯಾವ ಹೊತ್ತಿಗೆ?"

ಕಮಲಾದೇವಿಯವರ ಪದ್ಧತಿಯೇ ಅದು. ಹೊಟ್ಟೆನೋವೆಂದು ಬಂದವಳ ಹೊಟ್ಟೆ ಮುಟ್ಟುವ ಮುಂಚೆ, ನೋವು ಎಷ್ಟು ಹೊತ್ತಿಗೊಮ್ಮೆ ಬರುತ್ತದೆ ಎಂದು ಕೇಳಬೇಕು ಅನ್ನುತ್ತಿದ್ದರು. ಕಳ್ಳತನಕ್ಕೂ ಅದೇ ಪ್ರಶ್ನೆ.

"ದೀಪ ಹಚ್ಚೋ ಹೊತ್ತಿಗೆ ಜೋರು. ಬೆಳಗಿನ ಜಾವಾನೂ ಒಂದೊಂದು ಸಲ. ಒಂದು ತಿಂಗಳಿಂದ ಇರಬಹುದು."

"ಸೊಣ್ಣಮ್ಮ ಎಷ್ಟು ಹೊತ್ತಿಗೆ ಮನೆಗೆ ಹೋಗ್ತಿದ್ದಳು?"

"ನಾಲ್ಕು ಗಂಟೆಗೆ." ವಿಮಲಾ ತಡೆದಳು. "ಬೇಯಿಸಿಟ್ಟು ಹೋಗಿರಬಹುದಲ್ಲ."

"ಹೂಂ. ಇಲಿ ಕಾಟ ಹೇಗಿದೆ?"

"ಇಲಿಯಾ? ಈಗ ಒಂದೂ ಇಲ್ಲ. ಹೊಸ ಬೋನು ತಂದೆವು."

"ಬೋನಿಗೆ ಬಿದ್ದವಾ?"

ವಿಮಲಾ ಯೋಚಿಸಿದಳು. "ಬಿದ್ದಿದ್ದು ಒಂದೂ ಇಲ್ಲ. ಬೋನು ನೋಡೇ ಹೆದರಿ ಹೋಗಿರಬೇಕು. ಅದೂ ಒಂದು ತಿಂಗಳಾಯ್ತು."

ಪಕ್ಕದ ಕೋಣೆಯಿಂದ ಒಂದು ತೆಳು ದನಿ ಬಂತು. "ಕಮಲಾನಾ? ಮೇಲೆ ಮಗು ಅಳುತ್ತೆ ಕಣೇ."

ಕಾತ್ಯಾಯಿನಿ ಹಾಸಿಗೆಯಲ್ಲಿ ಒರಗಿ ಕೂತಿದ್ದಳು. ಬೋಳು ತಲೆಯ ಮೇಲೆ ಕೆಂಪು ಸೀರೆಯ ಸೆರಗು. ವಿಮಲಾ ಹಣೆ ಮುಟ್ಟಿಕೊಂಡು, ಅತ್ತೆಗೆ ಬುದ್ಧಿ ಸ್ಥಿಮಿತದಲ್ಲಿಲ್ಲವೆಂದು ಸನ್ನೆ ಮಾಡಿದಳು. ಕಮಲಾದೇವಿ ಹೋಗಿ ಅಜ್ಜಿಯ ಮಂಚದ ಮೇಲೆ ಕೂತರು.

"ಯಾವಾಗ ಅಳುತ್ತೆ ಅಮ್ಮಾ?"

"ಅವರಮ್ಮ ಹೋದಾಗ. ದೀಪ ಹಚ್ಚಿದ ಮೇಲೆ ದಡ್ ಅಂತ ಹೋಗ್ತಾಳೆ. ಬೆಳಗಾಗೋಕೆ ಮುಂಚೆ ಬರ್ತಾಳೆ. ಬಂದ ಮೇಲೆ ಅಳಲ್ಲ."

ಕಮಲಾದೇವಿ ಅಜ್ಜಿಯ ಕೈಯನ್ನು ನಾಡಿ ನೋಡುವವರ ಹಾಗೆ ಸ್ವಲ್ಪ ಹೊತ್ತು ಹಿಡಿದುಕೊಂಡಿದ್ದು ಎದ್ದರು.

ಗುಂಡಣ್ಣ ಉಗ್ರಾಣದಲ್ಲಿ ಏಣಿ ಹತ್ತಿದ. ಕಿಂಡಿಯಿಂದ ತಲೆ, ಭುಜ ಮೇಲೆ ಹೋದವು, ಹೊಟ್ಟೆ ಹೋಗಲಿಲ್ಲ. ಅಲ್ಲಿಂದಲೇ ಟಾರ್ಚ್ ಬಿಟ್ಟ. ಹಿತ್ತಾಳೆ ಕೊಳದಪ್ಪಲೆಗಳು, ಎರಡು ಟ್ರಂಕು, ದೂರದ ಮೂಲೆಯಲ್ಲಿ ಹಳೆಯ ಮರದ ತೊಟ್ಟಿಲು, ಅದರೊಳಗೆ ಹರಿದ ಸೀರೆಗಳು. ತೊಟ್ಟಿಲ ಮೇಲುಗಡೆ ಒಂದು ಹೆಂಚು ಸರಿದು ಅಂಗೈಯಗಲದ ಬೆಳಕು ಬಿದ್ದಿತ್ತು. ಹತ್ತಿರದಲ್ಲೇ ಸತ್ಯನಾರಾಯಣ ಪೂಜೆಗೆಂದು ಹಣ್ಣಾಗಲು ಗೋಣಿ ಸುತ್ತಿ ಇಟ್ಟಿದ್ದ ಗೊನೆಯ ದಿಂಡು. ಉಳಿದಿದ್ದ ನಾಲ್ಕೈದು ಹಣ್ಣುಗಳನ್ನು ಯಾರೋ ಸಿಪ್ಪೆ ಸುಲಿಯದೆಯೇ ಕಚ್ಚಿ ತಿಂದಿದ್ದರು.

ಅಷ್ಟರಲ್ಲಿ ಅವನ ಮೂಗಿಗೆ ಅದು ಬಂತು. ಮದುವೆಮನೆಯಲ್ಲಿ ಅನ್ನದ ತಪ್ಪಲೆ ಮುಚ್ಚಳ ತೆಗೆದಾಗ ಬರುವಂಥ ಘಮ. ಕೆಳಗೆ ಇಣುಕಿದ. ವಿಮಲಾಳ ಒಲೆಯ ಮೇಲೆ ಹುರುಳಿಕಾಳು ಬೇಯುತ್ತಿತ್ತು.

ಇಳಿದು ಬಂದು ಹಿತ್ತಿಲಿಗೆ ಹೋದ ಮೇಲೆ ಕಮಲಾದೇವಿ ಕೇಳಿದರು. "ಏನು ಸಿಕ್ತು?"

"ಮನುಷ್ಯರಾದ್ರೆ ಸಿಪ್ಪೆ ಸುಲೀತಾರೆ. ಕೋತಿನೂ ಸುಲಿಯುತ್ತೆ. ಮತ್ತೆ... ಸಣ್ಣಕ್ಕಿ ಘಮ ಈಗಲೂ ಇದೆ ಸಿಸ್ಟರ್. ಸೊಣ್ಣಮ್ಮ ಹೋಗಿ ಮೂರು ದಿನ ಆಯ್ತು."

ಆ ಮಾತು ಹೇಳುವಾಗ ಗುಂಡಣ್ಣನ ಕಿವಿ ಬಿಸಿಯಾಯಿತು. ಮೂರು ದಿನದ ಹಿಂದೆಯೇ ಯಾರಾದರೂ ಬಂದು ಮೂಸಿದ್ದರೆ ಸಾಕಿತ್ತು. ಬೀದಿಯಲ್ಲಿ ಐದು ಮನೆ, ಐದು ಮನೆಯಲ್ಲೂ ಮೂಗುಗಳಿದ್ದವು.

ಹಿತ್ತಿಲಲ್ಲಿ ಬದರಿನಾಥನ ಹೊಸ ಮೋಟಾರ್ ಶೆಡ್ ನಿಂತಿತ್ತು. ಕಾರು ಇನ್ನೂ ಬಂದಿರಲಿಲ್ಲ. ಶೆಡ್ಡಿಗಾಗಿ ಕಡಿಸಿದ ಹುಣಸೆ ಮರದ ಬುಡದ ತುಂಡೊಂದು ಗೋಡೆಗೆ ಒರಗಿ ಬಿದ್ದಿತ್ತು. ಒಳಗೆಲ್ಲ ಪೊಳ್ಳು. ದೊಡ್ಡ ಕೊಡಪಾನ ಹಿಡಿಸುವಷ್ಟು. ಮರ ಬೀಳುವಾಗ ಒಂದು ಕೊಂಬೆ ಮನೆಯ ಸೂರಿಗೆ ಬಡಿಯಿತೆಂದೂ, ಹೆಂಚು ಸರಿಮಾಡುವವನು ಇನ್ನೂ ಬಂದಿಲ್ಲವೆಂದೂ ವಿಮಲಾ ಹೇಳಿದಳು.

"ಮರ ಬಿದ್ದದ್ದು ಯಾವಾಗ?"

"ಮೇ ತಿಂಗಳ ಎರಡನೇ ವಾರ."

ಬೈರಸಂದ್ರದವರ ಹೊಲ ಬಡಾವಣೆಯಾದಾಗ ಉಳಿದಿದ್ದ ಕೊನೆಯ ಮರ ಅದು. ಹೊಲ ಯಾರದಾಗಿತ್ತೆಂದು ಗುಂಡಣ್ಣ ಯಾವತ್ತೂ ಕೇಳಿರಲಿಲ್ಲ. ಆ ಹೊಲದಲ್ಲಿ ಸೊಣ್ಣಮ್ಮನ ಮಾವನದೂ ಒಂದು ಪಾಲಿತ್ತೆಂದು ಕಮಲಾದೇವಿ ಈಗ ಹೇಳಿದರು, ಹವಾಮಾನದ ಸುದ್ದಿ ಹೇಳುವ ದನಿಯಲ್ಲಿ.

ಶೆಡ್ಡಿನ ಸಿಮೆಂಟ್ ತಾರಸಿ ನೋಡಲು ಗುಂಡಣ್ಣ ಮತ್ತೆ ಏಣಿ ಹತ್ತಿದ. ಒಂದು ಮೂಲೆಯಲ್ಲಿ ನೇರಳೆ ಬೀಜಗಳು ರಾಶಿ ಬಿದ್ದಿದ್ದವು, ತೊಳೆದಷ್ಟು ಸ್ವಚ್ಛ. ತಾರಸಿಯಿಂದ ಮನೆಯ ಸಜ್ಜಾ ಒಂದು ಹೆಜ್ಜೆ ದೂರ. ಸಜ್ಜಾದ ಮೇಲೆ, ಸರಿದ ಹೆಂಚಿನ ಕೆಳಗಿನ ಮರದ ಪಟ್ಟಿಗೆ ಎಣ್ಣೆತಲೆ ಒರಗಿಸಿ ಒರಗಿಸಿ ಕಪ್ಪಾದಂಥ ಜಿಡ್ಡು.

"ಯಾರೋ ಇಲ್ಲಿ ಕೂತು ನೇರಳೆ ತಿಂದಿದಾರೆ ಸಿಸ್ಟರ್. ತಲೆಗೆ ಎಣ್ಣೆ ಹಚ್ಚಿಕೊಂಡೋರು."

"ನಿಮ್ಮ ಊಹೆ ನಿಮ್ಮ ಹತ್ರಾನೇ ಇರಲಿ. ಬೀಜ ಎಲ್ಲ ಗುಡಿಸಿ ತೆಗೀರಿ. ಸಜ್ಜಾ ಮೇಲೆ ಈ ರಂಗೋಲಿ ಪುಡಿ ತೆಳ್ಳಗೆ ಹರಡಿ ಇಳೀರಿ."

ಶುಕ್ರವಾರ ಬೆಳಿಗ್ಗೆ ತಾರಸಿಯ ಅದೇ ಮೂಲೆಯಲ್ಲಿ ಹೊಸ ಬೀಜಗಳಿದ್ದವು. ರಂಗೋಲಿ ಪುಡಿಯ ಮೇಲೆ ಹೆಜ್ಜೆಗಳಿದ್ದವು. ಗುಂಡಣ್ಣ ಕಾಗದದ ಮೇಲೆ ಅಳತೆಗೆ ಬರೆದುಕೊಂಡು ಬಂದ.

"ಬೆಕ್ಕು," ಎಂದ.

"ಬೆರಳು ಎಣಿಸಿ."

"ಐದು."

"ನಿಮ್ಮ ಮನೆ ಬೆಕ್ಕಿನ ಹೆಜ್ಜೆಯಲ್ಲಿ ಎಷ್ಟಿರುತ್ತೆ ನೋಡ್ಕೊಂಡು ಬನ್ನಿ."

ಗುಂಡಣ್ಣ ಮನೆಗೆ ಹೋಗಿ ಬೆಕ್ಕಿನ ಕಾಲಿಗೆ ಮಸಿ ಹಚ್ಚಿದ. ವಾರಿಜಾ ಬಾಗಿಲಲ್ಲಿ ನಿಂತು ನೋಡಿದಳು. "ಪೆನ್ಷನ್ ತಗೊಳ್ಳೋ ವಯಸ್ಸಲ್ಲಿ ಬೆಕ್ಕಿನ ಹೆಬ್ಬೆಟ್ಟು ಒತ್ತಿಸ್ಕೋತಿದೀರಾ," ಎಂದಳು. ಕಾಗದದ ಮೇಲೆ ನಾಲ್ಕೇ ಬೆರಳು ಮೂಡಿದ್ದವು. ಅವನು ವಾರಿಜಾಳಿಗೆ ಎರಡೂ ಕಾಗದ ತೋರಿಸಿ, ಅಟ್ಟದ ಘಮದ ಮಾತನ್ನೂ ಹೇಳಿದ. ಅವಳು ಎರಡನ್ನೂ ಬೆಳಕಿಗೆ ಹಿಡಿದು ನೋಡಿದಳು. ಕೊನೆಗೆ, "ಅವಳು ಹೋಗುವಾಗ ನಮ್ಮನೆ ಪಾತ್ರೆ ಎಲ್ಲ ತೊಳೆದಿಟ್ಟೇ ಹೋದಳು," ಎಂದಳು.

ಭಾನುವಾರ ಸಂಜೆ ಆರೂವರೆಗೆ ಕಮಲಾದೇವಿ ಎಲ್ಲರನ್ನೂ ಬದರಿನಾಥನ ಹಿತ್ತಿಲಿಗೆ ಬರಹೇಳಿದರು. ಬದರಿನಾಥ, ವಿಮಲಾ, ಎತ್ತಿ ತಂದು ಹಾಕಿದ ಆರಾಮಕುರ್ಚಿಯಲ್ಲಿ ಕಾತ್ಯಾಯಿನಿ, ಗುಂಡಣ್ಣ, ವಾರಿಜಾ, ಉಳಿದ ಮೂರು ಮನೆಗಳ ಹೆಂಗಸರು. ಗೊಟ್ಟಿಗೆರೆಯಿಂದ ಬೋರಣ್ಣ ಬಂದಿದ್ದ. ಹೆಗಲ ಮೇಲೆ ಟವೆಲು, ಕುರ್ಚಿ ಕೊಟ್ಟರೂ ಕೂರಲಿಲ್ಲ. ಸೊಣ್ಣಮ್ಮ ಪಾತ್ರೆ ತೊಳೆಯುವ ಕಲ್ಲಿನ ಹತ್ತಿರ ನಿಂತಿದ್ದಳು. ಬೀಗರಿಬ್ಬರೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ.

"ನಾಟಕ ಯಾಕೆ ಸಿಸ್ಟರ್?" ಎಂದ ಬದರಿನಾಥ. "ನಾನು ಪೊಲೀಸಿಗೆ ಕೊಡದೆ ದೊಡ್ಡ ಮನಸ್ಸು ಮಾಡಿದೀನಿ."

"ಕೊಟ್ಟಿದ್ದರೆ ಒಳ್ಳೇದಿತ್ತು. ಕೂತ್ಕೊಳಿ," ಎಂದರು ಕಮಲಾದೇವಿ. "ನಾನು ಮೊದಲು ಕೇಳಿದ್ದು ಯಾವಾಗಿಂದ ಅಂತ. ಘಮ ಶುರುವಾಗಿ ಒಂದು ತಿಂಗಳು. ಇಲಿ ಇಲ್ಲದೆ ಒಂದು ತಿಂಗಳು. ಹುಣಸೆ ಮರ ಬಿದ್ದು ಒಂದು ತಿಂಗಳು. ಸೊಣ್ಣಮ್ಮ ಕೆಲಸಕ್ಕೆ ಬಂದು ಹನ್ನೊಂದು ವರ್ಷ. ಇದರಲ್ಲಿ ಯಾವ ಲೆಕ್ಕ ಯಾವುದರ ಜೊತೆ ಸೇರುತ್ತೆ, ನೀವೇ ಹೇಳಿ."

ಕಮಲಾದೇವಿ ಎರಡನೇ ಬೆರಳು ಮಡಿಸಿದರು.

"ಎರಡನೇದು, ಎಷ್ಟು ಹೊತ್ತಿಗೆ ಅಂತ. ಇಲಿ ಆದ್ರೆ ಯಾವಾಗ ಬೇಕಾದ್ರೂ ಪರಪರ ಅನ್ನುತ್ತೆ. ಅಳಿಲು ಹಗಲಲ್ಲಿ ಓಡಾಡುತ್ತೆ. ಇದು ಹಗಲೆಲ್ಲ ಸದ್ದಿಲ್ಲ. ದೀಪ ಹಚ್ಚಿದ ಮೇಲೆ ಭಾರವಾಗಿ ಒಂದು ಸದ್ದು, ಬೆಳಗಿನ ಜಾವ ಇನ್ನೊಂದು. ನಾಲ್ಕು ಗಂಟೆಗೆ ಬೈರಸಂದ್ರಕ್ಕೆ ಹೋಗೋಳು ಆ ಹೊತ್ತಿಗೆ ಇಲ್ಲಿರೋದು ಹೇಗೆ? ಈ ಲೆಕ್ಕಾನ ಕಾತ್ಯಾಯಿನಮ್ಮ ಗಡಿಯಾರದ ಹಾಗೆ ಹೇಳಿದ್ರು. ಮನೇಲಿ ಅವರನ್ನ ಕೇಳಿದೋರು ಒಬ್ಬರೂ ಇಲ್ಲ."

"ಹೇಳಿದೆ," ಎಂದಳು ಕಾತ್ಯಾಯಿನಿ. "ಅರಳುಮರಳು ಅಂದ್ರು."

"ಮೂರನೇದು ಅಕ್ಕಿ. ಒಣಗಿದ ಬೇವಿನೆಲೆ ಬೆರಳು ಸೋಕಿದ್ರೆ ಪುಡಿಯಾಗುತ್ತೆ. ಅದನ್ನ ತೆಗೆದು ಮತ್ತೆ ಚಾಪೆ ಥರ ಹಾಸೋಕೆ ದೇವರಿಗೂ ಆಗಲ್ಲ. ಅಂದ್ರೆ ಯುಗಾದಿಯಿಂದ ಆ ಡಬ್ಬಕ್ಕೆ ಯಾರೂ ಕೈ ಹಾಕಿಲ್ಲ. ಅಕ್ಕಿ ಕದಿಯದೇ ಅಕ್ಕಿ ಘಮ ಬಂದಿದೆ. ಸೊಣ್ಣಮ್ಮ ಹೋಗಿ ಮೂರು ದಿನ ಆದ ಮೇಲೂ ಬಂದಿದೆ. ಗುಂಡಣ್ಣನೋರೇ ಸಾಕ್ಷಿ."

ಗುಂಡಣ್ಣ ಎದ್ದು ನಿಂತ. ರೈಲ್ವೆ ವಿಚಾರಣೆಯಲ್ಲಿ ನಿಲ್ಲುತ್ತಿದ್ದ ಹಾಗೆ. "ಹೌದು. ನಾನೇ ಮೂಸಿದೀನಿ."

"ಹಣ್ಣಿನ ಸಿಪ್ಪೆ ಸುಲಿದಿಲ್ಲ, ಕಚ್ಚಿದೆ. ನೇರಳೆ ಬೀಜ ಉಗುಳಿದ್ದಲ್ಲ, ಹೊಟ್ಟೆ ಹಾದು ಬಂದದ್ದು, ದಿನಾ ಅದೇ ಮೂಲೇಲಿ. ದಾರಿ ಪಟ್ಟಿ ಮೇಲೆ ಮೈ ಉಜ್ಜಿದ ಜಿಡ್ಡು. ಹೆಜ್ಜೆಗೆ ಐದು ಬೆರಳು, ಬೆಕ್ಕಿಗೆ ನಾಲ್ಕೇ. ಇಲಿ ತಿನ್ನುತ್ತೆ, ಹಣ್ಣು ತಿನ್ನುತ್ತೆ, ಪೊಳ್ಳು ಮರದಲ್ಲಿ ಮನೆ ಮಾಡುತ್ತೆ, ಮೈಯಿಂದ ಸಣ್ಣಕ್ಕಿ ಬೆಂದ ಘಮ ಬರುತ್ತೆ. ಪಟ್ಟಣದೋರಿಗೆ ಇದು ಒಗಟು. ಬೋರಣ್ಣನೋರೇ, ನಿಮಗೆ?"

ಬೋರಣ್ಣ ಟವೆಲು ಒಂದು ಹೆಗಲಿಂದ ಇನ್ನೊಂದಕ್ಕೆ ಹಾಕಿಕೊಂಡ. "ಘಮ ಅಂದಾಗ್ಲೇ ಗೊತ್ತಾಯ್ತಲ್ಲ ತಾಯಿ. ಪುನುಗಿನ ಬೆಕ್ಕು. ನಮ್ಮ ತೋಪಿನಾಗೆ ಎಷ್ಟೋ ಅವೆ. ಇದಕ್ಕಾ ನಮ್ಮ ಬೀಗಿತ್ತಿ ಮ್ಯಾಲೆ ಕಳ್ತನ ಹೊರಿಸಿದ್ದು?"

"ಅದೇ ನಾನು ಹೇಳಬೇಕೂಂತಿದ್ದದ್ದು," ಎಂದು ಕಮಲಾದೇವಿ ಮೊದಲ ಸಲ ವಿಮಲಾಳ ಕಡೆ ನೇರವಾಗಿ ನೋಡಿದರು. "ನೀವು ಹನ್ನೊಂದು ವರ್ಷದಲ್ಲಿ ಒಂದೇ ಒಂದು ದಿನ ಸೊಣ್ಣಮ್ಮನ್ನ ಒಳಗೆ ಬಿಟ್ಟಿದ್ದರೆ, ಮೂಗಿಗೆ ಬಡಿದ ತಕ್ಷಣ ಹೇಳ್ತಿದ್ದಳು, ಅಮ್ಮಾ ಅಟ್ಟದಲ್ಲಿ ಪುನುಗಿನ ಬೆಕ್ಕಿದೆ ಅಂತ. ಉತ್ತರ ಗೊತ್ತಿದ್ದೋಳು ಬಾಗಿಲಾಚೆ ಪಾತ್ರೆ ತೊಳೀತಿದ್ದಳು. ಒಳಗಿದ್ದೋರಿಗೆ ಅದು ಅನ್ನದ ವಾಸನೆ ಅನ್ನಿಸ್ತು. ಅನ್ನದ ವಾಸನೆ ಅಂದ ಕೂಡಲೆ ಕಳ್ಳಿ ಅನ್ನೋದೂ ತೋಚ್ತು."

ವಿಮಲಾ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡಳು.

"ಇದೆಲ್ಲ ಊಹೆ," ಎಂದ ಬದರಿನಾಥ. "ಪ್ರಾಣಿ ನೋಡಿದೋರು ಯಾರು?"

"ಸೂರ್ಯ ಮುಳುಗಿದೆ. ದೀಪ ಹಚ್ಚಿ. ಮಾತಾಡದೆ ಕೂತ್ಕೊಳಿ."

ವಾರಿಜಾ ಹೋಗಿ ತುಳಸಿಕಟ್ಟೆಯ ದೀಪ ಹಚ್ಚಿದಳು. ಮನೆಗಳಲ್ಲಿ ಒಂದೊಂದೇ ಬೆಳಕು ಮೂಡಿತು. ಪಶ್ಚಿಮದಲ್ಲಿ ಇನ್ನೂ ಸ್ವಲ್ಪ ಕೆಂಪಿತ್ತು. ಮೊದಲು ಘಮ ಬಂತು. ಮೂರು ಮನೆಯ ಹೆಂಗಸರೂ ಒಟ್ಟಿಗೆ ಬದರಿನಾಥನ ಅಡುಗೆಮನೆಯ ಕಡೆ ನೋಡಿದರು, ಅಲ್ಲಿ ಕತ್ತಲೆಯಿತ್ತು. ಆಮೇಲೆ ಸರಿದ ಹೆಂಚಿನ ಸಂದಿಯಿಂದ ಒಂದು ಚೂಪು ಮೂತಿ, ಬೂದುಗಪ್ಪು ಮೈ, ಮೈಯಷ್ಟೇ ಉದ್ದದ ಬಾಲ. ಪಟ್ಟಿಯ ಜಿಡ್ಡಿಗೆ ಪಕ್ಕೆ ಒರಗಿಸಿ ಸಜ್ಜಾಕ್ಕೆ ಇಳಿಯಿತು, ದಡ್ ಎಂದು. ಕೆಳಗೆ ಕೂತಿದ್ದ ಅಷ್ಟು ಜನರನ್ನೂ ಒಂದು ಕ್ಷಣ ನೋಡಿತು. ತಾರಸಿ ದಾಟಿ, ಗೋಡೆ ಹಿಡಿದು, ಹೋಯಿತು.

ಅಟ್ಟದಿಂದ ಸಣ್ಣ ಕೀರಲು ಅಳು ಕೇಳಿಸಿತು. ಒಂದಲ್ಲ, ಎರಡು ಮೂರು ದನಿ.

"ನೋಡು, ಅಳ್ತಿವೆ," ಎಂದಳು ಕಾತ್ಯಾಯಿನಿ.

"ಮೂರು ಮರಿ ಇರಬೇಕು," ಎಂದರು ಕಮಲಾದೇವಿ. ಅವರ ದನಿ ಹೆರಿಗೆ ವಾರ್ಡಿನ ದನಿಯಾಗಿತ್ತು. "ಗುಂಡಣ್ಣನೋರು ನೋಡಿದ ತೊಟ್ಟಿಲಲ್ಲಿ. ಬದರಿನಾಥ, ಅದು ನಿಮ್ಮದೇ ತೊಟ್ಟಿಲಂತೆ, ನಿಮ್ಮ ತಾಯಿ ಹೇಳಿದ್ರು. ಅದರ ಮನೆ ಹುಣಸೆ ಮರದ ಪೊಳ್ಳಿನಲ್ಲಿತ್ತು. ಹೊಟ್ಟೇಲಿ ಮರಿ ಇಟ್ಕೊಂಡಿದ್ದಾಗ ನೀವು ಮರ ಕಡಿಸಿದ್ರಿ. ಕೊಂಬೆ ಬಡಿದು ಹೆಂಚು ಸರೀತು. ಮನೆ ಕಿತ್ತವರೂ ನೀವೇ, ಬಾಗಿಲು ತೆಗೆದುಕೊಟ್ಟವರೂ ನೀವೇ. ಇಷ್ಟೇ ಈ ಕಳ್ಳತನದ ಕತೆ."

ಗುಂಡಣ್ಣ ಕುರ್ಚಿ ಬಿಟ್ಟು ಎದ್ದ. ಅವನು ಪಾತ್ರೆ ಕಲ್ಲಿನವರೆಗೆ ನಡೆದುಹೋದ. "ಸೊಣ್ಣಮ್ಮ, ನಮ್ಮನೆಯಿಂದ ಬಿಡಿಸಿದ್ದು ತಪ್ಪು. ವಾರಿಜಾ ಹೇಳಿದ್ದು ಹೌದು. ನಾನು ಕೇಳಿಸಿಕೊಂಡು ಸುಮ್ಮನಿದ್ದದ್ದೂ ಹೌದು. ಎಲ್ಲರ ಮುಂದೆ ಹೇಳ್ತಿದೀನಿ." ವಾರಿಜಾ ಅವನ ಹಿಂದೆಯೇ ಬಂದು ನಿಂತಿದ್ದಳು. ಸೊಣ್ಣಮ್ಮ ಇಬ್ಬರನ್ನೂ ನೋಡಿದಳು. ಆ ವಾರದಲ್ಲಿ ಮೊದಲ ಸಲ.

"ಆಯ್ತು ಬಿಡಿ," ಎಂದಳು. ಕ್ಷಮಿಸಿದಳೋ ಇಲ್ಲವೋ ಗುಂಡಣ್ಣನಿಗೆ ಗೊತ್ತಾಗಲಿಲ್ಲ. ಕೇಳುವ ಹಕ್ಕು ತನಗಿಲ್ಲವೆಂದು ಮಾತ್ರ ಗೊತ್ತಾಯಿತು.

ಬೋರಣ್ಣ ಟವೆಲನ್ನು ಹೆಗಲಿಂದ ತೆಗೆದು ಕೈಯಲ್ಲಿ ಹಿಡಿದ. "ಬೀಗಿತ್ತಿ, ಯಾರೋ ಏನೋ ಅಂದ್ರು ಅಂತ ನಾನು ಹಂಗೆ ಹೇಳಿ ಕಳಿಸಬಾರದಿತ್ತು. ಶುಕ್ರವಾರ ಗಾಡಿ ಕಟ್ಕೊಂಡು ಬತ್ತೀವಿ. ಸೊಸೆನೂ ಕೂಸುನೂ ಕರ್ಕೊಂಡೋಗಾಕೆ."

"ಬನ್ನಿ ಬೀಗರೇ," ಎಂದಳು ಸೊಣ್ಣಮ್ಮ. ಸೆರಗಿನಿಂದ ಕಣ್ಣೊರೆಸಿಕೊಂಡಳು. "ಕೂಸಿಗೆ ನೆಗಡಿ ಐತೆ. ಗಾಡಿಗೆ ಗುಡಾರ ಹಾಕ್ಕೊಂಡು ಬನ್ನಿ."

ಬದರಿನಾಥ ಎದ್ದ. ಅಂಗಿ ಸರಿಪಡಿಸಿಕೊಂಡು ಶೆಡ್ಡಿನ ಮೂಲೆಯಿಂದ ಒಂದು ಗೋಣಿಚೀಲ ಎತ್ತಿಕೊಂಡ. "ಸರಿ. ಆದದ್ದು ಆಯ್ತು. ಪ್ರಾಣಿ ಅಂತ ನಮಗೇನು ಕನಸು ಬಿದ್ದಿತ್ತಾ? ಸೊಣ್ಣಮ್ಮ, ನಾಳೆಯಿಂದ ಬಾ. ಈಗ ಒಂದು ಕೆಲಸ ಮಾಡು. ತಾಯಿ ಬೆಕ್ಕು ಬರೋಕೆ ಮುಂಚೆ ಅಟ್ಟ ಹತ್ತಿ ಮರಿಗಳನ್ನ ಈ ಚೀಲಕ್ಕೆ ತುಂಬಿಕೊಂಡು ಕೆರೆಗೆ ಹಾಕಿಬಿಡು."

"ಅಡುಗೆಮನೆ ಮೇಲೆ ಹಾದಾ?" ಎಂದಳು ವಿಮಲಾ.

"ಪರವಾಗಿಲ್ಲ. ಆಮೇಲೆ ಪುಣ್ಯಾಹ ಮಾಡಿಸಿದ್ರಾಯ್ತು. ಅವಳಿಗೆ ಇದೆಲ್ಲ ಅಭ್ಯಾಸ."

ಗುಂಡಣ್ಣ ಕಮಲಾದೇವಿಯವರ ಕಡೆ ನೋಡಿದ. ಅವರು ಸೊಣ್ಣಮ್ಮನನ್ನೇ ನೋಡುತ್ತಿದ್ದರು. ಮೇಲೆ ಮರಿಗಳ ಅಳು ಇನ್ನೂ ನಿಂತಿರಲಿಲ್ಲ.

ಬದರಿನಾಥ ಗೋಣಿಚೀಲ ಚಾಚಿದ. ಸೊಣ್ಣಮ್ಮ ಕೈ ಮುಂದೆ ಮಾಡಲಿಲ್ಲ.

"ನಾನು ಹತ್ತಾಕಿಲ್ಲ ಸ್ವಾಮಿ."

"ಏನು?"

"ಅದು ಬಾಣಂತಿ. ಹಾಲು ಬಿಡೋಗಂಟ ಅವು ಅಲ್ಲೇ ಇರ್ತವೆ. ಆಮೇಲೆ ಅವೇ ಹೋಗ್ತವೆ, ಯಾರೂ ಓಡಿಸ್ಬೇಕಾಗಿಲ್ಲ."

"ಹೇಳಿದ ಕೆಲಸ ಮಾಡಲ್ಲ ಅಂದ್ರೆ ನಾಳೆಯಿಂದ ಬರೋದೂ ಬೇಡ. ಯೋಚನೆ ಮಾಡು."

ಸೊಣ್ಣಮ್ಮ ಅಟ್ಟದ ಕಡೆ ಒಮ್ಮೆ ನೋಡಿದ್ದು ಬಿಟ್ಟರೆ ಯೋಚನೆಯನ್ನೇನೂ ಮಾಡಿದ ಹಾಗೆ ಕಾಣಲಿಲ್ಲ.

"ಬರಾಕಿಲ್ಲ," ಎಂದಳು. "ಚೀಲಾನೂ ಮುಟ್ಟಾಕಿಲ್ಲ."